ಮೇಲುಕೋಟೆಯ ಏರಿಗೆ ಒಂದು ಸರ್ವರ್

ನನ್ನ ಸಂಜೆ ತರಗತಿಗೆ ಹೊಸದಾಗಿ ಬಂದವರು ಮೊದಲ ದಿನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮೇಡಂ, ಸರ್ವರ್ ನೋಡಿಕೊಳ್ಳೋದು ಕಲೀಬೇಕು, ಯಾವ ಪುಸ್ತಕ ತಗೊಳ್ಳಲಿ?" ಪುಸ್ತಕದ ಹೆಸರು ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ: "ಸೈಕಲ್ ಹೊಡೆಯೋಕೆ ಬರುತ್ತಾ?" ಕೆಲವರು ನಗುತ್ತಾರೆ. ಕೆಲವರು ತಪ್ಪು ಕೋಣೆಗೆ ಬಂದೆವೇನೋ ಎಂದು ಬಾಗಿಲ ಕಡೆ ನೋಡುತ್ತಾರೆ.

ವಿಷಯ ಇಷ್ಟೆ. ಮೈಸೂರಿನ ನಾವೊಂದಿಷ್ಟು ಜನ ವರ್ಷಕ್ಕೊಮ್ಮೆ, ಚಳಿ ಬಿಡುವ ಹೊತ್ತಿಗೆ, ಮೇಲುಕೋಟೆಯವರೆಗೆ ಸೈಕಲ್ ತುಳಿಯುತ್ತೇವೆ. ಸುಮಾರು 50 ಕಿಲೋಮೀಟರು. ಹೊರಡುವ ಮುಂಚೆ ಪ್ರತಿಯೊಬ್ಬರೂ ನೆಂಟರು, ನೆರೆಹೊರೆ, ಆಫೀಸಿನವರು ಅಂತ ಸಿಕ್ಕವರ ಹತ್ತಿರವೆಲ್ಲ ಚಂದಾ ಎತ್ತುತ್ತಾರೆ. ಕೂಡಿದ ಹಣ ಹಳ್ಳಿ ಶಾಲೆಯೊಂದರ ಪುಸ್ತಕದ ಕಪಾಟಿಗೆ ಹೋಗುತ್ತದೆ. ಹೆಸರು ಬರೆಸುವುದಕ್ಕೆ, ಒಟ್ಟು ಎಷ್ಟು ಸೇರಿತು ಎಂದು ತೋರಿಸುವುದಕ್ಕೆ, ದಾರಿಯ ನಕ್ಷೆ ಹಾಕುವುದಕ್ಕೆ ಪುಟ್ಟದೊಂದು ಜಾಲತಾಣ ಬೇಕು. ಆ ತಾಣ ಕೂತಿರುವ ಯಂತ್ರವನ್ನು ನೋಡಿಕೊಳ್ಳುವುದು ನನ್ನ ತರಗತಿಯ ಪಾಲಿನ ಕೆಲಸ.

ಕಲಿಯಲಿಕ್ಕೆಂದೇ ಹಾಕಿಕೊಂಡ ಸರ್ವರ್ ಏನನ್ನೂ ಕಲಿಸುವುದಿಲ್ಲ, ಇದು ನನ್ನ ಅನುಭವ. ಕೆಟ್ಟರೆ ಅಳಿಸಿ ಮತ್ತೆ ಹಾಕಿಕೊಂಡರಾಯಿತು, ಕೇಳುವವರಿಲ್ಲ, ಬೈಯುವವರಿಲ್ಲ. ಸೈಕಲ್ಲೂ ಹಾಗೇ. ಹೊಟ್ಟೆ ಕರಗಿಸಲು ಕೊಂಡದ್ದು ಮೂರನೇ ವಾರಕ್ಕೆ ಒದ್ದೆ ಟವೆಲು ಹರವುವ ಜಾಗವಾಗಿರುತ್ತದೆ. ನಮ್ಮನ್ನು ನೆಚ್ಚಿಕೊಂಡು ಕೂತವರು ಯಾರಾದರೂ ಇದ್ದಾಗ ಎರಡೂ ನಡೆಯುತ್ತವೆ. ಹಾಗಾಗಿ ಈ ಎರಡು ಹವ್ಯಾಸಗಳನ್ನು ನಾನು ಒಟ್ಟಿಗೇ ಪರಿಚಯ ಮಾಡಿಸುವುದು.

ಸರ್ವರ್ ಎಂದರೆ ಮೋಡದಲ್ಲಿ ತೇಲುವ ವಸ್ತುವಲ್ಲ. ಅದೂ ಕಂಪ್ಯೂಟರೇ. ಪರದೆ ಇಲ್ಲ, ಕೀಲಿಮಣೆ ಇಲ್ಲ, ಹಗಲು ರಾತ್ರಿ ಎನ್ನದೆ ಎಚ್ಚರವಾಗಿರುತ್ತದೆ, ಯಾರಾದರೂ ಕೇಳಿದರೆ ಉತ್ತರ ಕೊಡುತ್ತದೆ. ತಾಲ್ಲೂಕು ಕಚೇರಿಯ ಕಿಟಕಿಗಳನ್ನು ನೆನಪಿಸಿಕೊಳ್ಳಿ. ಪಹಣಿಗೆ ಒಂದು ಕಿಟಕಿ, ಜಾತಿ ಪ್ರಮಾಣಪತ್ರಕ್ಕೆ ಇನ್ನೊಂದು. ಸರ್ವರಿನಲ್ಲೂ ನಂಬರು ಹಾಕಿದ ಕಿಟಕಿಗಳಿರುತ್ತವೆ, ಅವಕ್ಕೆ ಪೋರ್ಟ್ ಎನ್ನುತ್ತಾರೆ. ಜಾಲತಾಣ ನೋಡಲು ಬಂದವರು 80 ಇಲ್ಲವೇ 443ನೇ ಕಿಟಕಿಗೆ ಹೋಗುತ್ತಾರೆ. ನೋಡಿಕೊಳ್ಳುವ ನಾವು 22ನೇ ಕಿಟಕಿಯಿಂದ ಒಳಗೆ ಹೋಗುತ್ತೇವೆ. ಮಿಕ್ಕ ಸಾವಿರಾರು ಕಿಟಕಿಗಳನ್ನು ಮುಚ್ಚಿಡುವುದೇ ಫೈರ್‌ವಾಲ್ ಎಂಬುದರ ಕೆಲಸ. ನಮ್ಮಂಥವರಿಗೆ ದೊಡ್ಡ ಯಂತ್ರ ಬೇಡ. ತಿಂಗಳಿಗೆ ಕೆಲವು ನೂರು ರೂಪಾಯಿ ಬಾಡಿಗೆಗೆ ಸಿಗುವ, ಒಂದು ಜಿಬಿ ಮೆಮೊರಿಯ ತುಂಡು ಸಾಕು. ಮನೆಯಲ್ಲಿ ಧೂಳು ತಿನ್ನುತ್ತಿರುವ ಹಳೇ ಲ್ಯಾಪ್‌ಟಾಪ್ ಇದ್ದರೆ ಅಭ್ಯಾಸಕ್ಕೆ ಅದೂ ಆದೀತು.

ಅದರ ಮೇಲೆ ನಾವು ಹಾಕುವುದು ಡೆಬಿಯನ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಹಿಡಿದ ಲಿನಕ್ಸ್ ತಿರುಳಿನ ಸುತ್ತ, ಎರಡು ವರ್ಷದ ನಂತರ ಇಯಾನ್ ಮರ್ಡಾಕ್ ಕಟ್ಟಿದ ವ್ಯವಸ್ಥೆ ಇದು. ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಡೆಬಿಯನ್ ಎಂದು ಕರೆದ. ಇಂದಿಗೂ ಅದನ್ನು ನಡೆಸುತ್ತಿರುವವರು ಸ್ವಯಂಸೇವಕರು. ಮುಕ್ತ ತಂತ್ರಾಂಶ ಎಂದರೆ ಪುಕ್ಕಟೆ ತಂತ್ರಾಂಶ ಎಂದು ಹೊಸಬರು ತಿಳಿಯುತ್ತಾರೆ. ಕಾಸು ಉಳಿಯುವುದೇನೋ ನಿಜ. ಆದರೆ ಮುಖ್ಯ ಮಾತು ಬೇರೆ. ನಮ್ಮ ಬೀದಿ ಕೊನೆಯ ಸೈಕಲ್ ಶಾಪಿನವರು ಯಾವ ಕಂಪನಿಯ ಸೈಕಲ್ ಕೊಟ್ಟರೂ ಬಿಚ್ಚುತ್ತಾರೆ, ಸರಿಮಾಡುತ್ತಾರೆ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರೆ ನಮಗೂ ತೋರಿಸಿಕೊಡುತ್ತಾರೆ. ಕಂಪನಿಯ ಅಪ್ಪಣೆ ಕೇಳಬೇಕಿಲ್ಲ. ಬಿಚ್ಚುವ, ನೋಡುವ, ತಿದ್ದುವ, ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವ ಹಕ್ಕು, ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ ಬರೆದಿರುವುದು ಇದನ್ನೇ.

ಈಗ 22ನೇ ಕಿಟಕಿಗೆ ಬರೋಣ, ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ದೂರದ ಯಂತ್ರಕ್ಕೆ ಆಜ್ಞೆ ಕಳಿಸುವ ಹಳೆಯ ವಿಧಾನದ ಹೆಸರು ಟೆಲ್ನೆಟ್; ಅದರಲ್ಲಿ ಪಾಸ್‌ವರ್ಡ್ ಪೋಸ್ಟ್‌ಕಾರ್ಡಿನ ಮೇಲೆ ಬರೆದಷ್ಟು ಬಯಲಾಗಿ ಹೋಗುತ್ತಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೊಂಚುಹಾಕಿ ಪಾಸ್‌ವರ್ಡ್‌ಗಳನ್ನು ಕದ್ದರು. ಅದರಿಂದ ರೋಸಿಹೋದ ಟಾಟು ಯುಲೊನೆನ್ ಎಂಬ ಸಂಶೋಧಕ, ಮಾತನ್ನೆಲ್ಲ ಗೂಢಲಿಪಿಯಲ್ಲಿ ಕಟ್ಟಿ ಕಳಿಸುವ ಎಸ್‌ಎಸ್‌ಎಚ್ ಬರೆದ. ಆಗ 21ನೇ ಕಿಟಕಿ ಕಡತ ಸಾಗಿಸುವ ಎಫ್‌ಟಿಪಿಯದು, 23 ಟೆಲ್ನೆಟ್ಟಿನದು. ನಡುವೆ ಖಾಲಿ ಇದ್ದ 22ನ್ನು ಕೇಳಿ ಪಡೆದ. ನಾವಿಂದು ಬಳಸುವುದು 1999ರಲ್ಲಿ ಓಪನ್‌ಬಿಎಸ್‌ಡಿ ಬಳಗ ಹೊರತಂದ ಅದರ ಮುಕ್ತ ರೂಪವನ್ನು.

ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬೇಡ, ಕೀಲಿ ಜೋಡಿ ಮಾಡಿಕೊಳ್ಳಿ ಎಂದು ನಾನು ಹೇಳಿದಾಗ ತರಗತಿಯಲ್ಲಿ ಮೊದಲ ಗೊಂದಲ ಏಳುತ್ತದೆ. ಹೀಗೆ ಯೋಚಿಸಿ. ಒಂದು ಬೀಗ, ಒಂದು ಕೀಲಿ. ಬೀಗವನ್ನು ಎಷ್ಟು ಬಾಗಿಲಿಗೆ ಬೇಕಾದರೂ ಹಾಕಬಹುದು, ಯಾರು ನೋಡಿದರೂ ತೊಂದರೆಯಿಲ್ಲ. ಅದು ಸಾರ್ವಜನಿಕ ಕೀಲಿ ಎನ್ನಿಸಿಕೊಳ್ಳುವ ಅರ್ಧ. ಇನ್ನರ್ಧ ಖಾಸಗಿ ಕೀಲಿ, ಅದು ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಕದಲಬಾರದು. ಪೆನ್‌ಡ್ರೈವಿಗೆ ಹಾಕಿ ಗೆಳೆಯನಿಗೆ ಕೊಡಬಾರದು, ವಾಟ್ಸಾಪಿನಲ್ಲಂತೂ ಕಳಿಸಲೇಬಾರದು. ಪ್ರತಿ ತಂಡದಲ್ಲೂ ಒಬ್ಬರು ನನಗೇ ವಾಟ್ಸಾಪಿನಲ್ಲಿ ಖಾಸಗಿ ಕೀಲಿ ಕಳಿಸಿ "ಸರಿ ಇದೆಯಾ ಮೇಡಂ?" ಎಂದು ಕೇಳುತ್ತಾರೆ. ಸರಿ ಇತ್ತು, ಕಳಿಸುವವರೆಗೆ. ಹೊಸದು ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಆಮೇಲೆ ಆ ಮನುಷ್ಯ ಜನ್ಮದಲ್ಲಿ ಆ ತಪ್ಪು ಮಾಡುವುದಿಲ್ಲ.

ಒಳಗೆ ಹೋದ ಮೇಲೆ ಇನ್ನೊಂದು ಪ್ರಲೋಭನೆ ಇದೆ, ಅದರ ಹೆಸರು ರೂಟ್. ಎಲ್ಲ ಅಧಿಕಾರ ಉಳ್ಳ ಖಾತೆ. ರೂಟ್ ಆಗಿ ಕೂತರೆ ಯಾವ ಆಜ್ಞೆಗೂ 'ಆಗುವುದಿಲ್ಲ' ಎಂಬ ಉತ್ತರ ಬರುವುದಿಲ್ಲ, ಅದೇ ಅಪಾಯ. ದಿನದ ಕೆಲಸಕ್ಕೆ ಸಾಧಾರಣ ಖಾತೆ ಇಟ್ಟುಕೊಂಡು, ಬೇಕಾದಾಗ ಮಾತ್ರ ಸುಡೊ ಎಂಬ ಪದ ಮುಂದೆ ಹಾಕಿ ಅಧಿಕಾರವನ್ನು ಎರವಲು ತರಬೇಕು. ಕಡತಗಳಿಗೂ ಇಂಥದೇ ಲೆಕ್ಕವಿದೆ: ಓದಲು 4, ಬರೆಯಲು 2, ಚಲಾಯಿಸಲು 1. ಮೂರು ಅಂಕಿಗಳಲ್ಲಿ ಮೊದಲನೆಯದು ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಮಿಕ್ಕವರಿಗೆ. 644 ಎಂದರೆ ಒಡೆಯ ಓದಿ ಬರೆಯಬಹುದು, ಉಳಿದವರು ಓದಬಹುದು. 600 ಎಂದರೆ ಒಡೆಯನ ಹೊರತು ಬೇರೆಯವರಿಗೆ ಬಾಗಿಲಿಲ್ಲ. ಏನೋ ಕೆಲಸ ಮಾಡುತ್ತಿಲ್ಲವೆಂದು ತಲೆಕೆಟ್ಟು 777 ಕೊಟ್ಟುಬಿಡುವವರಿದ್ದಾರೆ. ಮನೆ ಬೀಗ ತೆಗೆಯಲು ಬರಲಿಲ್ಲವೆಂದು ಬಾಗಿಲನ್ನೇ ಕಿತ್ತು ಅಂಗಳದಲ್ಲಿ ಒರಗಿಸಿದ ಹಾಗೆ.

ಇಷ್ಟಾದ ಮೇಲೆ ಸೈಕಲ್ಲಿಗೆ ಇಳಿಯೋಣ, ಬೆರಳಿಗೂ ಬಿಡುವು ಬೇಕು.

ಹೊಸ ಸೈಕಲ್ ಕೊಳ್ಳಲು ಓಡಬೇಡಿ. ಮೊದಲ ತಿಂಗಳು ತಮ್ಮನದೋ ಪಕ್ಕದ ಮನೆಯವರದೋ ಎರವಲು ತನ್ನಿ. ಮೈಸೂರಿನಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಎಂಬ ಬಾಡಿಗೆ ಸೈಕಲ್ ಯೋಜನೆ ಬಂದಾಗ ನಮ್ಮ ಗುಂಪಿನ ಅರ್ಧ ಜನ ಅದರಲ್ಲೇ ಅಭ್ಯಾಸ ಶುರುಮಾಡಿದ್ದರು. ಸೈಕಲ್ ಕೈಗೆ ಬಂದ ಕೂಡಲೇ ನೋಡಬೇಕಾದ್ದು ಸೀಟಿನ ಎತ್ತರ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು, ಪೆಡಲನ್ನು ಪೂರ್ತಿ ಕೆಳಗೆ ತಂದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ, ಅದೇ ಸರಿ. ನಮ್ಮ ಊರುಗಳಲ್ಲಿ ನೂರಕ್ಕೆ ತೊಂಬತ್ತು ಜನ ಸೀಟು ತಗ್ಗಿಸಿಕೊಂಡು ಕಪ್ಪೆಯ ಹಾಗೆ ತುಳಿಯುತ್ತಾರೆ, ಸಂಜೆಗೆ ಮಂಡಿ ನೋವು ಎನ್ನುತ್ತಾರೆ. ಗಾಳಿ ಎಷ್ಟು ಎಂಬುದನ್ನು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ, ಹೆಬ್ಬೆರಳಲ್ಲಿ ಒತ್ತಿ ಅಂದಾಜು ಮಾಡಬೇಡಿ. ಚೈನಿಗೆ ಎಣ್ಣೆ ಬಿಟ್ಟ ಮೇಲೆ ಬಟ್ಟೆಯಲ್ಲಿ ಒರೆಸಿಬಿಡಿ. ಮೇಲೆ ಉಳಿದ ಎಣ್ಣೆ ಧೂಳು ಹಿಡಿದು ಮರಳುಕಾಗದವಾಗುತ್ತದೆ.

ಗೇರಿನ ವಿಷಯದಲ್ಲಿ ಒಂದೇ ಮಾತು: ಏರು ಬಂದ ಮೇಲಲ್ಲ, ಬರುವ ಮುಂಚೆ ಇಳಿಸಿ. ಗಟ್ಟಿ ಗೇರಿನಲ್ಲಿ ನಿಧಾನ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ನಿಮಿಷಕ್ಕೆ 70-80 ಸುತ್ತು ತಿರುಗಿಸುವುದು ಮಂಡಿಗೆ ಒಳ್ಳೆಯದು. ವಾರಕ್ಕೆ ಮೂರು ದಿನ ಹತ್ತು ಹತ್ತು ಕಿಲೋಮೀಟರಿನಿಂದ ಶುರುಮಾಡಿ. ಆರನೇ ವಾರಕ್ಕೆ ಹೊರ ವರ್ತುಲ ರಸ್ತೆಯನ್ನು ಒಂದು ಸುತ್ತು ಹಾಕುವಷ್ಟು ದಮ್ಮು ಬರುತ್ತದೆ. ಆಮೇಲೆ ಚಾಮುಂಡಿ ಬೆಟ್ಟ. ಹತ್ತುವಾಗ ಏದುಸಿರು ಬಂದರೆ ನಾಚಿಕೆ ಬೇಡ, ಇಳಿದು ತಳ್ಳಿ. ನಾನು ಎಚ್ಚರಿಸುವುದು ಇಳಿಜಾರಿನ ಬಗ್ಗೆ: ಬೆಳಗಿನ ಮಂಜಿಗೆ ರಸ್ತೆಯ ಬಿಳಿ ಪಟ್ಟಿ ಜಾರುತ್ತದೆ, ತಿರುವಿನ ಆಚೆ ಬಸ್ಸಿರುತ್ತದೆ, ಇಲ್ಲವೇ ಮಂಗ ಕೂತಿರುತ್ತದೆ.

ಹಣ ಎತ್ತಿ ಸೈಕಲ್ ತುಳಿಯುವ ಈ ಪದ್ಧತಿ ನಾವು ಕಂಡುಹಿಡಿದದ್ದೇನಲ್ಲ. 1980ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಕ್ಯಾನ್ಸರಿನಿಂದ ತಾಯಿಯನ್ನು ಕಳೆದುಕೊಂಡಿದ್ದ ಬಿಲ್ಲಿ ಸ್ಟಾರ್ 36 ಜನರನ್ನು ಕೂಡಿಸಿಕೊಂಡು ಆ ರಾಜ್ಯದ ಉದ್ದಕ್ಕೂ ಸೈಕಲ್ ತುಳಿದು ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ 10,200 ಡಾಲರ್ ಕೊಟ್ಟರು. ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಆ ಸವಾರಿ ಈಗಲೂ ಪ್ರತಿ ಆಗಸ್ಟಿನಲ್ಲಿ ನಡೆಯುತ್ತದೆ, ಸವಾರರು ಸಾವಿರಗಳಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ ಲಂಡನ್ನಿನಿಂದ ಬ್ರೈಟನ್ನಿಗೆ 54 ಮೈಲಿ ತುಳಿದು ಹೃದ್ರೋಗ ಸಂಶೋಧನೆಗೆ ಹಣ ಕೂಡಿಸುತ್ತಾರೆ. ಬ್ರೈಟನ್ ಇನ್ನೇನು ಬಂತು ಎನ್ನುವಾಗ ಡಿಚ್ಲಿಂಗ್ ಬೀಕನ್ ಎಂಬ ಗುಡ್ಡ ಎದುರು ನಿಲ್ಲುತ್ತದೆ, ನಮಗೆ ಜಕ್ಕನಹಳ್ಳಿ ದಾಟಿದ ಮೇಲೆ ಮೇಲುಕೋಟೆಯ ಏರು ನಿಂತ ಹಾಗೆ.

ಒಂದು ಮಾತನ್ನು ಮುಲಾಜಿಲ್ಲದೆ ಹೇಳಬೇಕು. ಟೀ ಶರ್ಟು, ಬ್ಯಾನರು, ಮೆಡಲು, ಊಟ ಇವುಗಳಿಗೇ ಎತ್ತಿದ ಹಣದ ಅರ್ಧ ಹೋದರೆ ಅದು ದಾನದ ಸವಾರಿಯಲ್ಲ, ಪಿಕ್ನಿಕ್. ನಮ್ಮ ಗುಂಪಿನಲ್ಲಿ ಸವಾರರು ತಮ್ಮ ಖರ್ಚನ್ನು ತಾವೇ ಹಾಕಿಕೊಳ್ಳುತ್ತಾರೆ. ಚಂದಾ ನೇರವಾಗಿ ಶಾಲೆಯ ಪರವಾಗಿ ಇರುವ ನೋಂದಾಯಿತ ಟ್ರಸ್ಟಿನ ಬ್ಯಾಂಕ್ ಖಾತೆಗೆ ಹೋಗುತ್ತದೆ, ರಸೀದಿ ಅವರೇ ಕೊಡುತ್ತಾರೆ. ನಮ್ಮ ಸರ್ವರ್ ಹಣ ಮುಟ್ಟುವುದಿಲ್ಲ, ಟ್ರಸ್ಟಿನವರು ಹೇಳಿದ ಮೊತ್ತವನ್ನು ತೋರಿಸುತ್ತದೆ ಅಷ್ಟೆ. ಹೊಸದಾಗಿ ಕಲಿಯುವವರ ಕೈಲಿರುವ ಯಂತ್ರದಲ್ಲಿ ಕಾರ್ಡ್ ನಂಬರು ಇಡುವುದು ಎಂದರೆ ಮಗುವಿನ ಕೈಗೆ ಈಳಿಗೆ ಮಣೆ ಕೊಟ್ಟಂತೆ. ಸವಾರರಿಂದ ಕೇಳುವುದೂ ನಾಲ್ಕೇ ಸಂಗತಿ: ಹೆಸರು, ಫೋನು, ತುರ್ತಿಗೆ ಮನೆಯವರ ಫೋನು, ರಕ್ತದ ಗುಂಪು. ಮೊದಲ ವರ್ಷ ಉತ್ಸಾಹದಲ್ಲಿ ಹುಟ್ಟಿದ ದಿನ, ವಿಳಾಸ, ಎಲ್ಲ ಕೇಳಿದ್ದೆವು. ಯಾತಕ್ಕೆ ಎಂದು ಒಬ್ಬ ಹಿರಿಯರು ಕೇಳಿದಾಗ ನಮ್ಮ ಹತ್ತಿರ ಉತ್ತರವಿರಲಿಲ್ಲ. ಇಟ್ಟುಕೊಳ್ಳದ ಮಾಹಿತಿಯನ್ನು ಯಾರೂ ಕದಿಯಲಾರರು.

ಇನ್ನು ಸರ್ವರಿನ ದಿನಚರಿ. ವಾರಕ್ಕೊಮ್ಮೆಯಾದರೂ ಹೊಸ ತಿದ್ದುಪಡಿಗಳನ್ನು ಹಾಕಿಕೊಳ್ಳಬೇಕು. ಭದ್ರತೆಯವು ತಾವೇ ಇಳಿಯುವಂತೆ ಡೆಬಿಯನ್ನಿನಲ್ಲಿ ಏರ್ಪಾಟು ಮಾಡಬಹುದು. ಡಿಸ್ಕಿನಲ್ಲಿ ಜಾಗ ಎಷ್ಟಿದೆ ನೋಡಬೇಕು. ನಡೆದದ್ದನ್ನೆಲ್ಲ ಸರ್ವರ್ ತಾನೇ ಬರೆದಿಡುವ ಲಾಗ್ ಕಡತಗಳನ್ನು ಓದಬೇಕು. ಮೊದಲ ಸಲ ಲಾಗ್ ತೆರೆದವರು ಗಾಬರಿಯಾಗುತ್ತಾರೆ, ಯಾಕೆಂದರೆ ಸರ್ವರ್ ಹುಟ್ಟಿ ಒಂದು ಗಂಟೆಯೂ ಆಗಿರುವುದಿಲ್ಲ, ಎಲ್ಲೆಲ್ಲಿಂದಲೋ ಯಾರ್ಯಾರೋ 22ನೇ ಕಿಟಕಿ ಬಡಿಯುತ್ತಿರುತ್ತಾರೆ. ಅವರು ಮನುಷ್ಯರಲ್ಲ, ಊರೆಲ್ಲ ಸುತ್ತಿ ಬಾಗಿಲು ತಳ್ಳಿ ನೋಡುವ ಯಂತ್ರಗಳು. ಕೀಲಿ ಜೋಡಿ ಇದ್ದು ಪಾಸ್‌ವರ್ಡ್ ಬಂದ್ ಮಾಡಿದ್ದರೆ ಬಡಿದುಕೊಳ್ಳಲಿ ಬಿಡಿ.

ಲಾಗ್ ಓದಿ, ಸಣ್ಣಪುಟ್ಟ ವ್ಯತ್ಯಾಸ ಗಮನಿಸಿ ಏನು ಸಿಗುತ್ತದೆ ಎನ್ನುವವರಿಗೆ ನಾನು 2024ರ ಮಾರ್ಚಿನ ಕಥೆ ಹೇಳುತ್ತೇನೆ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಪರೀಕ್ಷಾ ಯಂತ್ರಕ್ಕೆ ಎಸ್‌ಎಸ್‌ಎಚ್ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಗಮನಿಸಿದರು. ಅರ್ಧ ಸೆಕೆಂಡು! ನಮ್ಮಲ್ಲಿ ಬಹಳ ಜನ ನೆಟ್ ನಿಧಾನ ಎಂದು ಸುಮ್ಮನಾಗುತ್ತಿದ್ದೆವು. ಅವರು ಎಳೆ ಹಿಡಿದು ಹೊರಟರು. ಎಕ್ಸ್‌ಝಡ್ ಎಂಬ, ಕಡತ ಕುಗ್ಗಿಸುವ ಪುಟ್ಟ ತಂತ್ರಾಂಶದೊಳಗೆ ಯಾರೋ ಹಿತ್ತಲ ಬಾಗಿಲು ಕೂರಿಸಿದ್ದು ಸಿಕ್ಕಿತು. ಜಿಯಾ ಟಾನ್ ಎಂಬ ಹೆಸರಿಟ್ಟುಕೊಂಡ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸವನ್ನೇ ಮಾಡುತ್ತ, ಒಬ್ಬಂಟಿಯಾಗಿ ಅದನ್ನು ನೋಡಿಕೊಂಡು ದಣಿದಿದ್ದ ಮೂಲ ಸ್ವಯಂಸೇವಕನ ನಂಬಿಕೆ ಗಳಿಸಿ ಒಳಗೆ ಬಂದಿದ್ದ. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ತಲುಪುವ ಮೊದಲೇ ಸಿಕ್ಕಿಬಿದ್ದಿತು. ಮೂಲ ಬಿಚ್ಚಿ ನೋಡುವಂತಿದ್ದರಿಂದಲೇ ಅದು ಸಿಕ್ಕಿದ್ದು ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ. ಬಿಚ್ಚಿಟ್ಟಿದ್ದರಿಂದಲೇ ಕಳ್ಳ ಒಳಗೆ ಬಂದದ್ದಲ್ಲವೇ ಎಂದು ಒಬ್ಬ ಹುಡುಗ ಕೇಳಿದ್ದ. ಅದೂ ನಿಜವೇ, ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಅಂಥ ಪುಟ್ಟ ತಂತ್ರಾಂಶಕ್ಕೆ ಇಬ್ಬರು ಮೂವರು ಜೊತೆಗಾರರು ಇರಬೇಕಿತ್ತು ಎಂದೆ.

ನನ್ನ ಸ್ವಂತದ ಎಡವಟ್ಟೂ ಒಂದಿದೆ. ಜಾಲತಾಣಕ್ಕೆ ಬೀಗದ ಗುರುತು ಬರಬೇಕಾದರೆ ಪ್ರಮಾಣಪತ್ರ ಬೇಕು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಬಂದಾಗಿನಿಂದ ಅದು ಪುಕ್ಕಟೆ, 90 ದಿನದ ಮಟ್ಟಿಗೆ. ಅವಧಿ ಮುಗಿಯುವ ಮೊದಲು ಸರ್ಟ್‌ಬಾಟ್ ಎಂಬ ತಂತ್ರಾಂಶ ತಾನೇ ಹೊಸದು ತರುತ್ತದೆ. ಒಂದು ವರ್ಷ ನಾನು ಭದ್ರತೆ ಬಿಗಿ ಮಾಡುವ ಹುರುಪಿನಲ್ಲಿ 80ನೇ ಕಿಟಕಿ ಮುಚ್ಚಿಬಿಟ್ಟೆ. ಎಲ್ಲರೂ 443ರಲ್ಲೇ ಬರುತ್ತಾರಲ್ಲ, ಇದು ಯಾಕೆ? ಸರ್ಟ್‌ಬಾಟ್ ನವೀಕರಣಕ್ಕೆ ತಪಾಸಣೆ ನಡೆಯುತ್ತಿದ್ದದ್ದು 80ರಲ್ಲಿ ಎಂಬುದು ನೆನಪಿಗೆ ಬರಲಿಲ್ಲ. ಅದು ದಿನವೂ ಪ್ರಯತ್ನಿಸಿ ಸೋತು, ಸೋತದ್ದನ್ನು ಲಾಗಿನಲ್ಲಿ ಬರೆದಿಡುತ್ತಿತ್ತು. ಲಾಗ್ ಓದಿ ಎಂದು ಪಾಠ ಹೇಳುವ ನಾನು ಓದಿರಲಿಲ್ಲ. ನೋಂದಣಿ ಶುರುವಾದ ಬೆಳಗ್ಗೆ ಆರೂವರೆಗೆ ಫೋನು. ವರ್ಷವೂ ಚಂದಾ ಕೊಡುವ ನಿವೃತ್ತ ಪೋಸ್ಟ್ ಮಾಸ್ಟರು. "ಏನಮ್ಮ, ನಿಮ್ಮ ತಾಣಕ್ಕೆ ಹೋಗಬೇಡ, ಮೋಸ ಇರಬಹುದು ಅಂತ ನನ್ನ ಫೋನು ಹೇಳ್ತಿದೆ?" ಕಿಟಕಿ ತೆರೆದು ಸರಿಮಾಡಲು ನಾಲ್ಕು ನಿಮಿಷ ಸಾಕಾಯಿತು. ಅವರಿಗೆ ಸಮಾಧಾನ ಹೇಳಲು ಅರ್ಧ ಗಂಟೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕಳೆಯುವುದು ಬ್ಯಾಕಪ್ ಪಾಠದಲ್ಲಿ. ಸೂತ್ರ ಹಳೆಯದು: ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಪ್ರತಿ ಬೇರೆ ಊರಿನಲ್ಲಿ. ರಾತ್ರಿ ಎರಡೂವರೆಗೆ ಕ್ರಾನ್ ಎಂಬ ಗಡಿಯಾರದ ಆಳು ಎದ್ದು ದತ್ತಸಂಚಯದ ನಕಲು ತೆಗೆಯುತ್ತದೆ, ಆರ್‌ಸಿಂಕ್ ಅದನ್ನು ಇನ್ನೊಂದು ಯಂತ್ರಕ್ಕೆ ಸಾಗಿಸುತ್ತದೆ. ಬದಲಾದ ಭಾಗವನ್ನಷ್ಟೇ ಕಳಿಸುವ ಜಾಣತನದ ಈ ಸಾಧನ 1996ರದು. ಇಷ್ಟು ಮಾಡಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ನಾವು ಪ್ರತಿ ತಿಂಗಳ ಮೊದಲ ಶನಿವಾರ ಆ ನಕಲನ್ನು ಹಳೇ ಲ್ಯಾಪ್‌ಟಾಪಿಗೆ ಇಳಿಸಿ ತಾಣವನ್ನು ಮತ್ತೆ ಎಬ್ಬಿಸಿ ನೋಡುತ್ತೇವೆ. ಮೊದಲ ಬಾರಿ ಹೀಗೆ ಮಾಡಿದಾಗ ಹನ್ನೊಂದು ದಿನಗಳ ನಕಲುಗಳೆಲ್ಲ ಸೊನ್ನೆ ಬೈಟಿನವಾಗಿದ್ದವು. ಯಾರೋ ದತ್ತಸಂಚಯದ ಪಾಸ್‌ವರ್ಡ್ ಬದಲಿಸಿದ್ದರು. ಕ್ರಾನ್ ನಿಷ್ಠೆಯಿಂದ ದಿನವೂ ಒಂದು ಖಾಲಿ ಡಬ್ಬಿ ಜೋಡಿಸಿಟ್ಟಿತ್ತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ದಣಿದ ಎಂಜಿನಿಯರ್ ಒಬ್ಬರು ಎರಡನೇ ಯಂತ್ರದಲ್ಲಿದ್ದೇನೆಂದುಕೊಂಡು ಮುಖ್ಯ ಯಂತ್ರದ ದತ್ತಸಂಚಯವನ್ನು ಅಳಿಸಿಬಿಟ್ಟರು. ಐದು ಬಗೆಯ ಬ್ಯಾಕಪ್ ಏರ್ಪಾಟುಗಳಿದ್ದವು. ಬೇಕಾದ ಹೊತ್ತಿಗೆ ಒಂದನ್ನೂ ನೆಚ್ಚುವಂತಿರಲಿಲ್ಲ. ಅದೃಷ್ಟಕ್ಕೆ ಆರು ಗಂಟೆ ಮುಂಚೆ ಬೇರೇನೋ ಕೆಲಸಕ್ಕೆ ಅವರೇ ತೆಗೆದಿಟ್ಟ ಪ್ರತಿಯೊಂದು ಸಿಕ್ಕಿ, ಅದರಿಂದ ಮೇಲೆದ್ದರು. ನನಗೆ ಇಷ್ಟವಾದದ್ದು ಆಮೇಲಿನ ನಡತೆ. ಆದದ್ದನ್ನೆಲ್ಲ ಬಯಲಲ್ಲೇ ಬರೆದರು, ದುರಸ್ತಿಯನ್ನು ಲೋಕವೆಲ್ಲ ನೋಡುವಂತೆ ನೇರಪ್ರಸಾರ ಮಾಡಿದರು.

ಆ ಕಥೆ ಕೇಳಿದ ತಂಡ ನಮ್ಮ ಯಂತ್ರಗಳಿಗೆ ಹೆಸರಿಟ್ಟಿತು. ಮುಖ್ಯ ಸರ್ವರ್ 'ಮೇಲುಕೋಟೆ', ಅಭ್ಯಾಸದ್ದು 'ಜಕ್ಕನಹಳ್ಳಿ'. ಮೇಲುಕೋಟೆಗೆ ಲಾಗಿನ್ ಆದರೆ ಹೆಸರು ಕೆಂಪಕ್ಷರದಲ್ಲಿ ಕಾಣುತ್ತದೆ.

ಸವಾರಿಯ ದಿನ ಬೆಳಗ್ಗೆ ಐದೂವರೆಗೆ ಹೊರಡುತ್ತೇವೆ. ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಕ್ಕೆ ಸೈಕಲ್ ಬಿಡುವುದಿಲ್ಲ, ಪಕ್ಕದ ಸರ್ವಿಸ್ ರಸ್ತೆಯಲ್ಲಿ ಶ್ರೀರಂಗಪಟ್ಟಣ, ಆಮೇಲೆ ಪಾಂಡವಪುರದ ಕಬ್ಬಿನ ಗದ್ದೆಗಳ ನಡುವೆ. ಗಂಟೆಗೆ ಅರ್ಧ ಲೀಟರ್ ನೀರು, ಬಾಳೆಹಣ್ಣು, ಕಡಲೆಮಿಠಾಯಿ. ಪಂಚರ್ ಆದರೆ ಹಾಕಲು ಒಂದು ಟ್ಯೂಬು, ಎರಡು ಟೈರ್ ಲಿವರ್, ಕೈಪಂಪು ಪ್ರತಿಯೊಬ್ಬರ ಚೀಲದಲ್ಲೂ. ಮೇಲುಕೋಟೆಯ ಏರಿನಲ್ಲಿ ಮಾತು ನಿಲ್ಲುತ್ತದೆ, ಪುಳಿಯೋಗರೆ ತಟ್ಟೆ ಕೈಗೆ ಬಂದ ಮೇಲೆ ಮತ್ತೆ ಶುರುವಾಗುತ್ತದೆ. ಹೋದ ಸಲ ಕೊಳದ ಮೆಟ್ಟಿಲ ಮೇಲೆ ಕೂತು ಒಬ್ಬಳು ಹುಡುಗಿ ಫೋನಿನಲ್ಲಿ ಸರ್ವರಿನ ಲಾಗ್ ನೋಡುತ್ತಿದ್ದಳು. "ತಿಂಡಿ ತಿನ್ನು ಮಾರಾಯ್ತಿ" ಎಂದೆ.

ಮಾರನೆಯ ಸಂಜೆ ತರಗತಿಯಲ್ಲಿ ಉಳಿದಿದ್ದ ಕೆಲಸ ಒಂದೇ, ಸವಾರರ ಫೋನು ಮತ್ತು ರಕ್ತದ ಗುಂಪಿನ ಪಟ್ಟಿ ಅಳಿಸುವುದು. ಅದೇ ಹುಡುಗಿಯ ಸರದಿ. ಆಜ್ಞೆ ಬರೆದಳು. ಎಂಟರ್ ಮೇಲೆ ಬೆರಳಿಟ್ಟವಳು ತಡೆದು, ಪರದೆಯ ಎಡ ಅಂಚಿನ ಕೆಂಪಕ್ಷರವನ್ನು ಎಲ್ಲರಿಗೂ ಕೇಳುವಂತೆ ಓದಿದಳು: "ಮೇಲುಕೋಟೆ." ಹೌದು ಎಂದೆವು. ಒತ್ತಿದಳು.